ಡ್ರೈವರಣ್ಣನ ಕೈಗುಣ

ಕೆಲಸ ಮಾಡುವವ ಒಬ್ಬ, ಹೆಸರು ಹೊತ್ತುಕೊಂಡು ಹೋಗುವವ ಇನ್ನೊಬ್ಬ ಎಂಬುದು ಎಲ್ಲ ಊರಿನಲ್ಲೂ ಇರುವ ಸಂಗತಿ. ಆದರೆ ಬೆಳ್ತಂಗಡಿಯಲ್ಲಿ ಅದು ಮತ್ತೆ ಮತ್ತೆ ನನಗೇ ಆಗುತ್ತಿತ್ತು. ಅದೂ ಒಂದೇ ಕಾಯಿಲೆಯಲ್ಲಿ, ಒಬ್ಬನೇ ಮನುಷ್ಯನಿಂದ. ಆ ಮನುಷ್ಯ ಇನ್ನೊಬ್ಬ ಡಾಕ್ಟರಾಗಿದ್ದರೆ ಹೇಗಾದರೂ ಸಹಿಸಿಕೊಳ್ಳುತ್ತಿದ್ದೆ. ಅವನು ಬಸ್ ಡ್ರೈವರ್.

ಐವತ್ತರ ದಶಕದ ಮಾತು. ಬಸ್ಸು ನಿಲ್ಲುವಲ್ಲೇ ಒಂದು ಕೋಣೆ ಹಿಡಿದು, ಹೆಸರಿನ ಮುಂದೆ ಡಿಗ್ರಿ ಬರೆಸಿದ ಬೋರ್ಡು ತೂಗುಹಾಕಿ ನಾನು ಪ್ರಾಕ್ಟೀಸು ಶುರು ಮಾಡಿದ್ದೆ. ನಮ್ಮ ಕಡೆ ಡಾಕ್ಟರ ಡಿಗ್ರಿಯನ್ನು ಯಾರೂ ಓದುವುದಿಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಜನ ಕೇಳುವುದು ಒಂದೇ: ಇವರಿಗೆ ಕೈಗುಣ ಉಂಟೋ ಇಲ್ಲವೋ. ಕೈಗುಣ ಇದ್ದವನು ಬರೀ ನೀರು ಕೊಟ್ಟರೂ ಜ್ವರ ಬಿಡುತ್ತದೆ, ಇಲ್ಲದವನು ಅಮೃತ ಕೊಟ್ಟರೂ ಪ್ರಯೋಜನವಿಲ್ಲ. ಇದು ಪರೀಕ್ಷೆ ಬರೆದು ಸಿಗುವ ಸರ್ಟಿಫಿಕೇಟಲ್ಲ, ಜನರ ಬಾಯಿಂದಲೇ ಬರಬೇಕು. ಯಾರಾದರೂ ಒಬ್ಬರು ನನ್ನ ಬಗ್ಗೆ ಆ ಮಾತು ಹೇಳಲಿ ಎಂದು ನಾನು ಕಾದದ್ದು ಅಷ್ಟಿಷ್ಟಲ್ಲ.

ಕಾಯಿಲೆ ಹರ್ನಿಯಾ. ಕರುಳು ಇಳಿಯುವುದು ಎನ್ನುತ್ತಾರೆ. ಭಾರ ಎತ್ತುವವರಿಗೆ ತೊಡೆಯ ಸಂದಿನಲ್ಲಿ ಒಂದು ಉಬ್ಬು ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಹತ್ತು ವರ್ಷ ಹಾಗೆಯೇ ಹೋಗಿ ಬಂದು ಮಾಡುತ್ತದೆ. ಒಂದು ದಿನ ಹೊರಗೆ ಬಂದದ್ದು ಹೊರಗೇ ಸಿಕ್ಕಿಬೀಳುತ್ತದೆ. ಆಗ ಅದರ ಕುತ್ತಿಗೆ ಹಿಸುಕಿದಂತಾಗಿ ರಕ್ತ ಹರಿಯುವುದು ನಿಲ್ಲುತ್ತದೆ. ನೋವು, ವಾಂತಿ, ಆಮೇಲೆ ಕರುಳು ಕಪ್ಪಾಗುವುದು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಮನುಷ್ಯ ಉಳಿಯುವುದಿಲ್ಲ, ಕೊಯ್ಯುವವರು ಇದ್ದದ್ದು ಮಂಗಳೂರಿನಲ್ಲಿ. ಮಂಗಳೂರಿಗೆ ಹೋಗಲು ಇದ್ದದ್ದು ಇವನ ಬಸ್ಸು.

ಮೋರಿಯ ಮದ್ದು

ಮೊದಲ ಪ್ರಸಂಗ ಮುಂಡಾಜೆಯ ಒಬ್ಬ ಕೃಷಿಕನದ್ದು. ಮಗಳ ಮನೆಗೆಂದು ಹಿಟ್ಟು ಕಡೆಯುವ ಕಲ್ಲನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕಿದ್ದಾನೆ. ಕಲ್ಲು ಗಾಡಿಯೊಳಗೆ ಹೋಯಿತು, ಕರುಳು ಹೊರಗೆ ಬಂತು. ನನ್ನಲ್ಲಿಗೆ ಬರುವಾಗ ಉಬ್ಬು ಗಟ್ಟಿಯಾಗಿ, ಮನುಷ್ಯ ಬೆವರಿ ನೀರಾಗಿದ್ದ.

ನಾನು ಪುಸ್ತಕದಲ್ಲಿ ಇದ್ದದ್ದೆಲ್ಲ ಮಾಡಿದೆ. ನೋವಿಗೆ ಒಳ್ಳೆಯ ಇಂಜೆಕ್ಷನ್ ಕೊಟ್ಟೆ. ಕಾಲು ಮೇಲೆ, ತಲೆ ಕೆಳಗೆ ಬರುವಂತೆ ಬೆಂಚಿನ ಒಂದು ಕಡೆಗೆ ಇಟ್ಟಿಗೆ ಕೊಟ್ಟು ಮಲಗಿಸಿದೆ. ಹೀಗೆ ಮಾಡಿದರೆ ಮೈ ಸಡಿಲವಾಗಿ ಕೆಲವೊಮ್ಮೆ ಕರುಳು ತಾನಾಗಿಯೇ ಒಳಗೆ ಜಾರುತ್ತದೆ. ಆದರೆ ಇಂಜೆಕ್ಷನ್ ಹತ್ತುವ ಮೊದಲೇ ಹೊರಗೆ ಹಾರ್ನ್ ಕೇಳಿತು. ಆ ಬಸ್ಸು ಬಿಟ್ಟರೆ ಮತ್ತೆ ಮಧ್ಯಾಹ್ನವೇ. ಬಸ್ಸಿನ ಹಿಂದಿನ ಸೀಟಿನಲ್ಲಿ ಅದೇ ರೀತಿ ಮಲಗಿಸಿ, ಮಂಗಳೂರಿನ ಸರ್ಜನರಿಗೆ ಚೀಟಿ ಬರೆದು ಕಳುಹಿಸಿದೆ.

ಪುಂಜಾಲಕಟ್ಟೆ ದಾರಿಯಲ್ಲಿ ಹಳ್ಳದ ಮೇಲೆ ಕಟ್ಟಿದ ಒಂದು ಮೋರಿ ಇತ್ತು. ರಸ್ತೆ ತಗ್ಗು, ಮೋರಿ ಎತ್ತರ. ನಮ್ಮ ಡ್ರೈವರ್ ಅದರ ಮೇಲೆ ಹೋಗುವಾಗ ಬ್ರೇಕ್ ಒತ್ತಿದವನೇ ಅಲ್ಲ. ಬಸ್ಸು ಹಾರಿತು, ಹಿಂದಿನ ಸೀಟಿನ ಕೃಷಿಕನೂ ಹಾರಿದ, ಅವನು ಸೀಟಿಗೆ ಬೀಳುವಾಗ ಕರುಳು ಒಳಗೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು. ಅವನು ಎದ್ದು ಕೂತು, ಬಂಟ್ವಾಳದಲ್ಲಿ ಇಳಿದು ಚಾ ಕುಡಿದು, ಸರ್ಜನರಿಗೆ ಬರೆದ ಚೀಟಿಯಲ್ಲಿ ಗೋಳಿಬಜೆಯ ಎಣ್ಣೆ ಒರೆಸಿ ವಾಪಸು ಬಂದ.

ಮರುದಿನ ಅವನು ಒಂದು ಗೊನೆ ಎಳನೀರು ಹೊತ್ತುಕೊಂಡು ನನ್ನ ಬಾಗಿಲ ಮುಂದೆ ಬಂದದ್ದು ನೋಡಿ, ನಾನು ಮುಖದಲ್ಲಿ ಬೇಡ ಬೇಡ ಎನ್ನುವ ಭಾವ ತಂದುಕೊಂಡು ಎದ್ದು ನಿಂತೆ. ಅವನು ನನ್ನ ಬಾಗಿಲ ಮುಂದಿನಿಂದಲೇ ನೇರವಾಗಿ ಬಸ್ಸಿಗೆ ಹೋಗಿ ಡ್ರೈವರನ ಕಾಲ ಬುಡದಲ್ಲಿ ಗೊನೆ ಇಟ್ಟು ಕೈಮುಗಿದ. ನನಗೆ ತಡೆಯಲಿಲ್ಲ. ಕರೆದು ಕೇಳಿದೆ: "ನಾನು ಇಂಜೆಕ್ಷನ್ ಕೊಟ್ಟದ್ದು ನೆನಪುಂಟಾ?"

"ಉಂಟು ಡಾಕ್ಟ್ರೇ. ಅದು ಚುಚ್ಚಿದ್ದು ಸ್ವಲ್ಪ ನೋವಿತ್ತು. ತೊಂದರೆ ಇಲ್ಲ, ಮೋರಿ ದಾಟುವಾಗ ಅದೂ ಸರಿಯಾಯಿತು."

ಸೂರ್ಯ ಮುಳುಗಿದ ಮೇಲೆ

ಅಲ್ಲಿಂದ ಶುರುವಾಯಿತು. ಡ್ರೈವರಣ್ಣನಿಗೆ ಕೈಗುಣ ಉಂಟು ಎಂಬ ಸುದ್ದಿ ಬಸ್ಸಿಗಿಂತ ಮುಂದೆ ಓಡಿತು. ಹೋಟೆಲಿನಲ್ಲಿ ಬಾಣಲೆಯಿಂದ ತೆಗೆದ ಮೊದಲ ಗೋಳಿಬಜೆ ಅವನಿಗೆ, ತಣ್ಣಗಾದದ್ದು ನನಗೆ. ಎದುರಿಗೆ ಬಂದರೆ ಮುದುಕರು ಅವನಿಗೆ ನಮಸ್ಕಾರ ಹೇಳಿ ನನ್ನತ್ತ ತಲೆ ಆಡಿಸುತ್ತಿದ್ದರು. ಅವನು ಜಂಬದ ಮನುಷ್ಯನಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ನ್ಯಾಯ ಇರುತ್ತಿತ್ತು. ಅವನೋ ಬಹಳ ಒಳ್ಳೆಯವ. ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ಮೂಡಬಿದಿರೆಯ ಜೈನರ ಮನೆಯಲ್ಲಿ ಒಂದು ಮದುವೆ. ಹುಡುಗಿ ಬೆಳ್ತಂಗಡಿಯವಳು, ಅವಳ ಕಡೆಯವರು ನನ್ನನ್ನೂ ಕರೆದಿದ್ದರು. ದಿಬ್ಬಣಕ್ಕೆ ಗೊತ್ತು ಮಾಡಿದ್ದು ಇವನದೇ ಬಸ್ಸು. ವೇಣೂರು ದಾರಿಯಾಗಿ ನಾವು ಮುಟ್ಟುವಾಗ ಸಂಜೆಯ ಊಟಕ್ಕೆ ಎಲೆ ಹಾಕುತ್ತಿದ್ದರು. ಜೈನರಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಣುವ ಕ್ರಮವಿಲ್ಲ, ಅದಕ್ಕೆ ಎಲ್ಲರಿಗೂ ಗಡಿಬಿಡಿ. ನಾನು ಕೈ ತೊಳೆದು ಪಂಕ್ತಿಯ ಕಡೆ ತಿರುಗುವಷ್ಟರಲ್ಲಿ ಮನೆಯ ಧನಿಗಳು ಕೈ ಹಿಡಿದರು.

"ಡಾಕ್ಟ್ರೇ, ನಮ್ಮ ತಂದೆಯವರಿಗೆ ಬೆಳಿಗ್ಗೆಯಿಂದ ಉಬ್ಬು ಒಳಗೆ ಹೋಗ್ತಾ ಇಲ್ಲ. ಮದುವೆಮನೆಯಲ್ಲಿ ಗಲಾಟೆ ಬೇಡ ಅಂತ ಯಾರಿಗೂ ಹೇಳಲಿಲ್ಲ. ಒಮ್ಮೆ ನೋಡಿ, ಆಮೇಲೆ ಊಟಕ್ಕೆ ಕೂರುವ."

ಒಳಕೋಣೆಯಲ್ಲಿ ಹಿರಿಯರು ಮುಖ ಕಿವುಚಿಕೊಂಡು ಮಲಗಿದ್ದರು. ಉಬ್ಬು ಇನ್ನೂ ಮೆತ್ತಗಿತ್ತು, ಕರುಳಿಗೆ ಏಟಾಗಿರಲಿಲ್ಲ. ಕಾಲಡಿಗೆ ದಿಂಬುಗಳನ್ನು ಒಟ್ಟಿ, ಅವರ ಯೌವನದ ಕಂಬಳದ ಕಥೆ ಕೇಳುತ್ತ, ಎರಡು ಬೆರಳಿನಲ್ಲಿ ಮೆಲ್ಲಮೆಲ್ಲಗೆ ಒತ್ತುತ್ತ ಕೂತೆ. ಆತುರ ಮಾಡಿದರೆ ಕೆಲಸ ಕೆಡುತ್ತದೆ. ಹೊರಗಿನಿಂದ ಸಾರಿನ ಪರಿಮಳ ಬಂತು, ಆಮೇಲೆ ಪಾಯಸದ್ದು, ಆಮೇಲೆ ಎಲೆ ಎತ್ತುವ ಶಬ್ದ. ಕೊನೆಗೆ ಗುಳಕ್ ಎಂದು ಉಬ್ಬು ಒಳಗೆ ಹೋಯಿತು. ಮಂಗಳೂರಿಲ್ಲ, ಬಸ್ಸಿಲ್ಲ, ಮೋರಿಯಿಲ್ಲ. ಬರೀ ನನ್ನ ಎರಡು ಬೆರಳು. ಇವತ್ತು ನನ್ನ ದಿನ ಎಂದುಕೊಂಡೆ.

ಹಿರಿಯರು ಎದ್ದು ನನ್ನ ಹೆಗಲು ಹಿಡಿದು ಚಪ್ಪರಕ್ಕೆ ಬಂದರು. ನೂರು ಜನರ ಎದುರು ಡ್ರೈವರನನ್ನು ಹತ್ತಿರ ಕರೆದರು. "ಇವರನ್ನು ಸರಿಯಾದ ಹೊತ್ತಿಗೆ ತಂದು ಮುಟ್ಟಿಸಿದೆಯಲ್ಲ ಮಾರಾಯ, ನಿನ್ನ ಕೈಗುಣ ದೊಡ್ಡದು," ಎಂದು ಅವನಿಗೆ ಶಾಲು ಹೊದಿಸಿದರು.

ಶಾಲು ಹೋದರೆ ಹೋಗಲಿ, ಊಟವಾದರೂ ಆಗಲಿ ಎಂದು ಪಂಕ್ತಿಯ ಕಡೆ ನೋಡಿದೆ. ನೆಲ ಒರೆಸಿ ಆಗಿತ್ತು. ಮನೆಯ ಅಮ್ಮ ನಿಜವಾದ ಸಂಕಟದಿಂದ ಹೇಳಿದರು: "ಸೂರ್ಯ ಮುಳುಗಿತಲ್ಲ ಡಾಕ್ಟ್ರೇ, ಇನ್ನು ನಮ್ಮಲ್ಲಿ ಒಲೆ ಹಚ್ಚುವ ಕ್ರಮ ಇಲ್ಲ. ನಾಳೆ ಬೆಳಿಗ್ಗೆ ಬನ್ನಿ, ತಿಂಡಿಗೆ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ವಾಪಸು ಬರುವಾಗ ನನ್ನನ್ನು ಮುಂದಿನ ಸೀಟಿನಲ್ಲಿ ಗೌರವದಿಂದ ಕೂರಿಸಿಕೊಂಡ ಡ್ರೈವರ್ ಒಮ್ಮೆ ತೇಗಿ, ಸಂಕೋಚದಿಂದ ಕೇಳಿದ. "ಎರಡು ಪಾಯಸ ಇತ್ತಲ್ಲ ಡಾಕ್ಟ್ರೇ. ನಿಮಗೆ ಯಾವುದು ಹಿಡಿಸಿತು?"

ನೇರ ಬಸ್ಸಿಗೆ

ಇದೆಲ್ಲ ಬರೀ ನಗುವ ಸಂಗತಿಯಾಗಿ ಉಳಿಯಲಿಲ್ಲ. ಜನ ನನ್ನಲ್ಲಿಗೆ ಬರುವುದನ್ನೇ ಬಿಡತೊಡಗಿದಾಗ ನನಗೆ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಪೇಪರು ತರಲು ಬಸ್ಸಿನ ಹತ್ತಿರ ಹೋದೆ. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಕಾಲು ಕಿಟಕಿಗೆ ಆನಿಸಿ ತಲೆ ಕೆಳಗೆ ಹಾಕಿ ಮಲಗಿದ್ದ. ಮುಖ ಬೂದಿ ಬಣ್ಣ. ಪಕ್ಕದಲ್ಲಿ ಹೆಂಡತಿ ವಾಂತಿಗೆಂದು ಬಾಲ್ದಿ ಹಿಡಿದು ಕೂತಿದ್ದಳು. ಅವನು ಬಂಟ್ವಾಳದ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವವ. ಮಂಗಳೂರು ಅವನ ಮನೆಗೆ ಹತ್ತಿರ, ಬೆಳ್ತಂಗಡಿ ದೂರ. ಆದರೂ ಮೋರಿಗೋಸ್ಕರ ಈ ಕಡೆಯ ಬಸ್ಸು ಹತ್ತಿದ್ದಾನೆ. ಬರುವಾಗ ಕೆಲಸ ಆಗಲಿಲ್ಲ, ಹೋಗುವಾಗ ಆಗಬಹುದು ಎಂದು ಇಳಿಯದೆ ಕಾಯುತ್ತಿದ್ದ.

"ಯಾವಾಗಿಂದ ವಾಂತಿ?" ಎಂದೆ.

"ನಿನ್ನೆ ಮಧ್ಯಾಹ್ನದಿಂದ," ಎಂದಳು ಹೆಂಡತಿ.

"ಇಷ್ಟು ಹತ್ತಿರ ಬಂದು ನನಗೆ ತೋರಿಸಲಿಲ್ಲ ಯಾಕೆ?"

"ನಿಮಗೆ ತೋರಿಸಿದರೂ ನೀವು ಇದೇ ಬಸ್ಸಿಗೆ ಹಾಕುವುದಲ್ಲವಾ ಡಾಕ್ಟ್ರೇ? ಅದಕ್ಕೆ ನೇರ ಬಸ್ಸಿಗೇ ಬಂದೆವು."

ಉಬ್ಬಿನ ಮೇಲಿನ ಚರ್ಮ ಕೆಂಪಾಗಿತ್ತು, ಮುಟ್ಟಿದರೆ ಮನುಷ್ಯ ಚೀರುತ್ತಿದ್ದ. ಒಳಗೆ ಕರುಳು ಸಾಯುತ್ತಾ ಇದೆ ಎಂದು ಗೊತ್ತಾಯಿತು. ಈಗ ಒಳಗೆ ಹೋದರೂ ಅಪಾಯ, ಒಡೆದರೆ ಮುಗಿಯಿತು. ಡ್ರೈವರ್ ಬಂದವನೇ, "ಇವತ್ತು ಮೋರಿಯನ್ನು ಸ್ವಲ್ಪ ಜೋರಾಗಿ ಹಾರಿಸುವ," ಎಂದ. ನಾನು ಅವನ ಅಂಗಿ ಹಿಡಿದೆ.

"ಇವತ್ತು ಬಸ್ಸು ಹಾರಿದರೆ ಈ ಮನುಷ್ಯ ಸಾಯುತ್ತಾನೆ. ತುಂಬಿದ ಕೊಡ ತಲೆಯ ಮೇಲೆ ಇಟ್ಟುಕೊಂಡವನ ಹಾಗೆ ಹೋಗಬೇಕು. ನಾನೂ ಬರ್ತೇನೆ."

ಆ ದಿನ ಅವನು ಓಡಿಸಿದ ಹಾಗೆ ಬಸ್ಸು ಓಡಿಸಿದವರನ್ನು ನಾನು ಕಂಡಿಲ್ಲ. ಮೋರಿಯ ಹತ್ತಿರ ಉಳಿದವರನ್ನೆಲ್ಲ ಇಳಿಸಿ, ಒಂದೊಂದೇ ಚಕ್ರ ಏರಿಸಿ ಇಳಿಸಿ ದಾಟಿಸಿದ. ಬಿ.ಸಿ.ರೋಡಿನಲ್ಲಿ ಅಡ್ಡ ನಿಂತ ಬಸ್ಸುಗಳ ಡ್ರೈವರುಗಳಿಗೆ ಕೈಮುಗಿದು ದಾರಿ ಕೇಳಿದ. ದಾರಿಯುದ್ದಕ್ಕೂ ರೋಗಿಯ ತಲೆ ನನ್ನ ತೊಡೆಯ ಮೇಲೆ, ವಾಂತಿ ನನ್ನ ಅಂಗಿಯ ಮೇಲೆ.

ಸರ್ಜನರು ಒಂದು ಗೇಣು ಕಪ್ಪು ಕರುಳು ಕತ್ತರಿಸಿ ತೆಗೆದರು. ಮನುಷ್ಯ ಉಳಿದ. ನನಗೆ ನಿಜವಾಗಿ ಸಂತೋಷವಾಯಿತು. "ಒಡೆಯದೆ ತಂದದ್ದೇ ದೊಡ್ಡದು," ಎಂದು ಸರ್ಜನರು ಹೆಂಡತಿಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅಂಗಿ ಇನ್ನೂ ಒದ್ದೆಯಿತ್ತು. ಆಕೆ ಕಣ್ಣೊರೆಸಿಕೊಂಡು ನಮ್ಮ ಕಡೆ ಬಂದಳು. ನಾನು ಗಂಟಲು ಸರಿಮಾಡಿಕೊಂಡೆ. ಆಕೆ ನನ್ನ ಹಿಂದೆ ನಿಂತಿದ್ದ ಡ್ರೈವರನಿಗೆ ಕೈಮುಗಿದಳು.

"ಜೋರು ಹೋಗಿಯೂ ಉಳಿಸ್ತೀರಿ, ಮೆಲ್ಲ ಹೋಗಿಯೂ ಉಳಿಸ್ತೀರಿ ಅಣ್ಣ. ನಿಮ್ಮಂಥವರಿಗೆ ಡಾಕ್ಟ್ರು ಯಾಕೆ?"

ರಸ್ತೆಯ ಓವರ್‌ಸಿಯರ್

ಡ್ರೈವರನನ್ನು ಸೋಲಿಸಲಾಗದಿದ್ದರೆ ಮೋರಿಯನ್ನಾದರೂ ಸೋಲಿಸುವ ಎಂದು ತೀರ್ಮಾನಿಸಿದೆ. ಆ ರಸ್ತೆ ನೋಡಿಕೊಳ್ಳುವ ಓವರ್‌ಸಿಯರರಲ್ಲಿಗೆ ಹೋಗಿ, ಆ ಮೋರಿಯಿಂದ ಸಾರ್ವಜನಿಕರ ಪ್ರಾಣಕ್ಕೆ ಅಪಾಯ ಉಂಟು, ಎರಡೂ ಕಡೆ ಮಣ್ಣು ಹಾಕಿ ಸಮ ಮಾಡಿ ಎಂದು ಕೇಳಿಕೊಂಡೆ. ಸಾರ್ವಜನಿಕರ ಪ್ರಾಣ ಎನ್ನುವಾಗ ನನ್ನ ಧ್ವನಿ ಸ್ವಲ್ಪ ನಡುಗಿದ್ದೂ ಹೌದು. ನಡುಗಿಸಿದ್ದು ಪ್ರಾಣದ ಚಿಂತೆಯೋ ಎಳನೀರಿನ ಗೊನೆಯೋ ಎಂದು ಕೇಳಬೇಡಿ.

ಅವರು ಗಂಭೀರವಾಗಿ ಕೇಳಿಸಿಕೊಂಡರು. ನಾಳೆಯೇ ಕೂಲಿಯವರನ್ನು ಕಳುಹಿಸುತ್ತೇನೆ ಎಂದರು. ತಿಂಗಳು ಕಳೆದರೂ ಒಂದು ಬುಟ್ಟಿ ಮಣ್ಣು ಬೀಳಲಿಲ್ಲ. ಮತ್ತೆ ಹೋಗಿ ಕೇಳಿದೆ. ಅವರು ನನ್ನನ್ನು ಬದಿಗೆ ಕರೆದರು.

"ಊರಿನವರು ಬಂದು ಮೋರಿ ಮುಟ್ಟಬಾರದು ಅಂತ ಹೇಳಿ ಹೋದರು ಡಾಕ್ಟ್ರೇ. ಅವರದ್ದು ಬಿಡಿ, ಅವರಿಗೆ ನಾನು ಹೆದರುವವನಲ್ಲ. ಆದರೆ ನಮ್ಮ ಮಾವನವರಿಗೆ ಎರಡೂ ಕಡೆ ಕರುಳು ಇಳಿದಿದೆ."

ನನ್ನ ಸರದಿ

ಕೊನೆಗೆ ನಾನೊಂದು ಹಳೆಯ ಕಾರು ತಂದೆ. ಅರವತ್ತರ ದಶಕ ಶುರುವಾಗಿತ್ತು. ಇನ್ನು ಮುಂದೆ ರೋಗಿಗಳನ್ನು ನನ್ನ ಕಾರಿನಲ್ಲೇ ಮಂಗಳೂರಿಗೆ ಮುಟ್ಟಿಸುವುದು, ಕೈಗುಣ ಯಾರದ್ದೆಂದು ಲೋಕ ನೋಡಲಿ ಎಂಬುದು ಲೆಕ್ಕಾಚಾರ. ಕಾರಿಗೆ ಒಂದೇ ದೋಷ. ಬೆಳಿಗ್ಗೆ ಮೂತಿಗೆ ಹ್ಯಾಂಡಲ್ ಹಾಕಿ ಬೆವರಿಳಿಯುವ ತನಕ ತಿರುಗಿಸದಿದ್ದರೆ ಅದು ಏಳುತ್ತಿರಲಿಲ್ಲ. ಒಂದು ವರ್ಷ ಹ್ಯಾಂಡಲ್ ತಿರುಗಿಸಿದ ಫಲವಾಗಿ ನನ್ನ ಬಲತೊಡೆಯ ಸಂದಿನಲ್ಲಿ ಒಂದು ಸಣ್ಣ ಉಬ್ಬು ಕಾಣಿಸಿತು. ಮಾಡಿದ್ದುಣ್ಣೋ ಮಹಾರಾಯ. ಹೆಂಡತಿಗೂ ಹೇಳದೆ ಬೆಲ್ಟು ಕಟ್ಟಿಕೊಂಡು ತಿರುಗಾಡಿದೆ.

ಒಂದು ಬೆಳಿಗ್ಗೆ ಹ್ಯಾಂಡಲ್ ಉಲ್ಟಾ ಹೊಡೆಯಿತು. ಉಬ್ಬು ಲಿಂಬೆಹಣ್ಣಿನಷ್ಟಿದ್ದದ್ದು ಮಾದಳ ಹಣ್ಣಿನಷ್ಟಾಗಿ ಕಲ್ಲಿನಂತೆ ನಿಂತಿತು. ನೂರು ಜನರಿಗೆ ಹೇಳಿದ ಕಾಯಿಲೆ ತನಗೇ ಬಂದಾಗ ಅದರ ರುಚಿ ಬೇರೆ. ಕಾರಿನ ಬಾನೆಟ್ ಹಿಡಿದುಕೊಂಡು, ಎಷ್ಟು ಹೊತ್ತಿನಲ್ಲಿ ಕರುಳು ಕಪ್ಪಾಗುತ್ತದೆ ಎಂದು ಪುಸ್ತಕದ ಪುಟ ನೆನಪಿಸಿಕೊಂಡೆ. ಕಂಪೌಂಡರ್ ಇಂಜೆಕ್ಷನ್ ಕೊಟ್ಟ. ಕಾರು ಏಳಲಿಲ್ಲ. ಹೊರಗೆ ಹಾರ್ನ್ ಕೇಳಿತು.

ನನ್ನನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದರು. ತಲೆ ಕೆಳಗೆ, ಕಾಲು ಒಬ್ಬ ಬ್ಯಾರಿ ಸಾಹುಕಾರರ ಒಣಮೀನಿನ ಮೂಟೆಯ ಮೇಲೆ. ಹೆಂಡತಿ ಹತ್ತಿರ ಕೂತು ಮೌನವಾಗಿ ಅಳುತ್ತಿದ್ದಳು. ಡ್ರೈವರ್ ಹಿಂದೆ ಬಂದು ನನ್ನ ಹಣೆ ಮುಟ್ಟಿದ. ಇಷ್ಟು ವರ್ಷ ನಾನು ರೋಗಿಗಳಿಗೆ ಹೇಳುತ್ತಿದ್ದ ಮಾತನ್ನು ನನಗೇ ಹೇಳಿದ: "ಹೆದರಬೇಡಿ. ನಾನಿದ್ದೇನೆ."

"ಹಾರಿಸಬೇಡ ಮಾರಾಯ, ಮೆಲ್ಲ ಹೋಗುವ," ಎಂದೆ.

"ಈಗಷ್ಟೇ ಸಿಕ್ಕಿಬಿದ್ದದ್ದಲ್ಲವಾ ಡಾಕ್ಟ್ರೇ? ಇದು ಹಾರಿಸುವ ಜಾತಿಯದ್ದು. ಮೆಲ್ಲ ಹೋಗುವ ಜಾತಿ ಬೇರೆ. ನೀವೇ ಅಲ್ಲವಾ ಕಲಿಸಿದ್ದು?"

ಮೋರಿ ಬರುವ ಮೊದಲು ಕಂಡಕ್ಟರ್ ಎಲ್ಲರಿಗೂ ಕಂಬಿ ಹಿಡಿದುಕೊಳ್ಳಲು ಹೇಳಿದ. ಬಸ್ಸು ಏರಿತು, ಹಾರಿತು. ನಾನು ಒಣಮೀನಿನೊಟ್ಟಿಗೆ ಮೇಲೆ ಹೋಗಿ ಕೆಳಗೆ ಬಿದ್ದೆ. ಗುಳಕ್ ಎಂದಿತು. ನೋವು ಕೈಯಲ್ಲಿ ತೆಗೆದ ಹಾಗೆ ಹೋಯಿತು. ಅಷ್ಟು ಸುಖ ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಇಂಜೆಕ್ಷನ್ ಹತ್ತಿತ್ತು, ತಲೆ ತಗ್ಗಿತ್ತು, ಕಾರಣ ಪುಸ್ತಕದಲ್ಲೇ ಉಂಟು. ಆದರೆ ಇದನ್ನು ಈ ಬಸ್ಸಿನಲ್ಲಿ ಯಾರಿಗೆ ವಿವರಿಸುವುದು?

ಬಸ್ಸು ನಿಂತಿತು. ಡ್ರೈವರ್ ಇಳಿದು ಹಿಂದೆ ಓಡಿ ಬಂದ. ಅವನ ಹಿಂದೆ ಇಡೀ ಬಸ್ಸು ನನ್ನ ಕಡೆ ತಿರುಗಿತ್ತು.

"ಹೋಯಿತಾ ಡಾಕ್ಟ್ರೇ?"

ನಾಳೆ ಬೆಳಿಗ್ಗೆ ಬೆಳ್ತಂಗಡಿಯಿಂದ ಮೂಡಬಿದಿರೆಯ ತನಕ ಹೋಗುವ ಸುದ್ದಿ ನನ್ನ ಕಣ್ಣ ಮುಂದೆ ಬಂತು. ಡಾಕ್ಟ್ರ ಕರುಳನ್ನೂ ಡ್ರೈವರಣ್ಣನೇ ಒಳಗೆ ಹಾಕಿದ್ದಂತೆ.

"ಇಲ್ಲ," ಎಂದೆ.

ಅವನ ಮುಖ ಬಾಡಿತು. ಒಂದು ಕ್ಷಣ ಯೋಚಿಸಿ, "ಹಾಗಾದರೆ ಇನ್ನೊಮ್ಮೆ ಹೋಗುವ," ಎಂದ. ಬಸ್ಸನ್ನು ರಿವರ್ಸ್ ತೆಗೆದು, ಏರಿನ ತುದಿಯಿಂದ ಮತ್ತೆ ಬಿಟ್ಟ. ನಾನು ಮತ್ತೆ ಹಾರಿದೆ.

"ಈಗ?"

"ಇಲ್ಲ."

ಮೂರನೆಯ ಸಲ ಒಣಮೀನಿನ ಮೂಟೆ ಬಿಚ್ಚಿಕೊಂಡಿತು. ಕೋರ್ಟಿಗೆ ಹೋಗುವವರಿದ್ದರು, ಮದುವೆಗೆ ಹೋಗುವವರಿದ್ದರು, ಯಾರೂ ಗೊಣಗಲಿಲ್ಲ. ಮೀನು ಹೆಕ್ಕುತ್ತಿದ್ದ ಸಾಹುಕಾರರು ಮಾತ್ರ ಪಕ್ಕದವನಲ್ಲಿ ಮೆಲ್ಲ ಕೇಳಿದರು: "ಎಲ್ಲರಿಗೂ ಒಂದೇ ಸಲಕ್ಕೆ ಆಗ್ತದೆ. ಇವರಿಗೆ ಯಾಕೆ ಆಗುವುದಿಲ್ಲ?"

"ಓದಿದವರ ಕರುಳು ಮಾರಾಯ್ರೆ," ಎಂದ ಅವನು. "ಹೇಳಿದ ಮಾತು ಕೇಳುವುದಿಲ್ಲ."

ಸೋತ ಡ್ರೈವರ್ ಮಂಗಳೂರಿನ ತನಕ ಹಾರ್ನ್ ಕೂಡ ಒತ್ತಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ತಾನೇ ಎತ್ತಿ ಮೇಜಿನ ಮೇಲೆ ಮಲಗಿಸಿ, ಕಣ್ಣು ತುಂಬಿಕೊಂಡು ಹೊರಗೆ ಹೋಗಿ ನಿಂತ. ಸರ್ಜನರು ಬಟ್ಟೆ ಸರಿಸಿ ನೋಡಿದರು, ಎಡಗಡೆ ನೋಡಿದರು, ಮತ್ತೆ ಬಲಗಡೆ ನೋಡಿದರು.

"ಎಂತ ಡಾಕ್ಟ್ರೇ, ಇಲ್ಲಿ ಏನೂ ಇಲ್ಲವಲ್ಲ? ಒಳಗೆ ಹೋಗಿ ತುಂಬ ಹೊತ್ತಾಗಿದೆ."

ನಾನು ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡೆ. "ಹೇಗೂ ಬಂದದ್ದಾಯಿತು, ಕೊಯ್ದು ಹೊಲಿದುಬಿಡಿ. ಆದರೆ ಸ್ವಲ್ಪ ಮೆಲ್ಲ ಮಾತಾಡಿ ಮಾರಾಯ್ರೆ, ಡ್ರೈವರ್ ಬಾಗಿಲ ಹೊರಗೇ ನಿಂತಿದ್ದಾನೆ."